ಕೂದಲು ಕೀಳುವ ಮಗಳಿಗೆ ಬೈಗುಳವಲ್ಲ, ಚಿಕಿತ್ಸೆ ಬೇಕು

ಪೀಣ್ಯದ ಒಂದು ಬಾಡಿಗೆ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಂದೆ ವರ್ಕ್‌ಶಾಪ್‌ನಲ್ಲಿ ಲೇತ್ ಮೆಶಿನ್ ನಡೆಸುವವರು. ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಗ್ಗೆ ಮನೆ ಬಿಟ್ಟವರು ಮರಳಿ ಬರುವುದು ಮಗ್ರಿಬ್ ಹೊತ್ತಿಗೆ. ಎಂಟನೇ ತರಗತಿಯ ಮಗಳು ಶಾಲೆಯಿಂದ ಬಂದು ತಮ್ಮನಿಗೆ ತಿಂಡಿ ಕೊಟ್ಟು ಪುಸ್ತಕ ಹಿಡಿದು ಕೂರುತ್ತಾಳೆ.

ಕೆಲವು ತಿಂಗಳುಗಳಿಂದ ಅವಳು ಭಾನುವಾರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಒಪ್ಪುತ್ತಿಲ್ಲ. "ನಾನೇ ಹಚ್ಚಿಕೊಳ್ತೀನಿ ಅಮ್ಮಿ" ಎಂದು ಎದ್ದು ಹೋಗುತ್ತಾಳೆ. ಮನೆಯೊಳಗೂ ತಲೆಯ ಮೇಲಿನ ದುಪಟ್ಟಾ ತೆಗೆಯುವುದಿಲ್ಲ. ವುಝೂ ಮಾಡುವಾಗ ಬಾಗಿಲು ಹಾಕಿಕೊಳ್ಳುತ್ತಾಳೆ. ಚಿಕ್ಕಮ್ಮನ ಮಗಳ ಮೆಹೆಂದಿ ರಾತ್ರಿ ಹೆಂಗಸರು ಮಾತ್ರವೇ ಇದ್ದ ಕೋಣೆಯಲ್ಲೂ ಅವಳ ಸ್ಕಾರ್ಫ್ ಸಡಿಲವಾಗಲಿಲ್ಲ. "ಹುಡುಗಿಗೆ ಒಳ್ಳೆಯ ಹಯಾ ಬಂದಿದೆ" ಎಂದು ದಾದಿಗೆ ಸಂತೋಷ. ಆದರೆ ಒಂದು ರಾತ್ರಿ ನಿದ್ದೆಯಲ್ಲಿ ದುಪಟ್ಟಾ ಜಾರಿದಾಗ ತಾಯಿ ಕಂಡದ್ದೇ ಬೇರೆ. ನೆತ್ತಿಯ ಮೇಲೆ ಅಂಗೈಯಗಲ ಬೋಳು. ದಿಂಬಿನ ಅಡಿಯಲ್ಲಿ ಕಿತ್ತ ಕೂದಲಿನ ಪುಟ್ಟ ಉಂಡೆ.

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಇದೇ ಕತೆ ಬೇರೆ ರೀತಿಯಲ್ಲಿ ನಡೆಯಬಹುದು. ತಂದೆ ತಾಯಿ ಇಬ್ಬರೂ ಸಾಫ್ಟ್‌ವೇರ್ ಉದ್ಯೋಗಿಗಳು, ಮಗ ಹತ್ತನೇ ತರಗತಿ. ಶಾಲೆ, ಕೋಚಿಂಗ್, ಆನ್‌ಲೈನ್ ಟೆಸ್ಟ್. ಅವನ ಒಂದು ಕಣ್ಣಿನ ರೆಪ್ಪೆಯಲ್ಲಿ ಕೂದಲೇ ಇಲ್ಲ. ಹುಬ್ಬು ಅರ್ಧ ಮಾತ್ರ ಉಳಿದಿದೆ.

ಈ ಎರಡು ಮನೆಗಳು ಕಲ್ಪನೆಯವು. ಆದರೆ ಅಲ್ಲಿ ನಡೆಯುತ್ತಿರುವ ಸಂಗತಿ ಕಲ್ಪನೆಯಲ್ಲ. ಓದುತ್ತಿರುವ ಸಹೋದರಿಯರಲ್ಲಿ ಕೆಲವರಿಗೆ "ಇದು ನಮ್ಮ ಮನೆಯದೇ" ಎನಿಸಿದ್ದರೆ ಆಶ್ಚರ್ಯವಿಲ್ಲ.

ಇದಕ್ಕೊಂದು ಹೆಸರಿದೆ

ತನ್ನ ಕೂದಲನ್ನು ತಾನೇ ಪದೇ ಪದೇ ಕೀಳುವುದು, ನಿಲ್ಲಿಸಬೇಕೆಂದು ಎಷ್ಟು ಪ್ರಯತ್ನಿಸಿದರೂ ನಿಲ್ಲಿಸಲಾಗದಿರುವುದು ಒಂದು ಕಾಯಿಲೆ. ವೈದ್ಯರು ಇದನ್ನು ಟ್ರೈಕೋಟಿಲೊಮೇನಿಯ ಎನ್ನುತ್ತಾರೆ. ಫ್ರಾನ್ಸ್‌ನ ಚರ್ಮರೋಗ ತಜ್ಞ ಹ್ಯಾಲೊಪೋ 1889ರಲ್ಲಿ ಈ ಹೆಸರಿಟ್ಟರು. ಕೂದಲು ಮತ್ತು ಕೀಳುವುದು ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳು ಅದರಲ್ಲಿವೆ. ಅವರು ವಿವರಿಸಿದ್ದು ಒಬ್ಬ ಯುವಕನ ಸ್ಥಿತಿಯನ್ನು. ಅಂದರೆ ಇದು ಹುಡುಗಿಯರಿಗೆ ಮಾತ್ರ ಬರುವ ತೊಂದರೆಯಲ್ಲ. ಚಿಕ್ಕ ಮಕ್ಕಳಲ್ಲಿ ಹುಡುಗ, ಹುಡುಗಿ ಎಂಬ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ದೊಡ್ಡವರಲ್ಲಿ ಚಿಕಿತ್ಸೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು.

ನೂರು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಇದು ಇರುತ್ತದೆ ಎಂಬುದು ತಜ್ಞರ ಅಂದಾಜು. ಸಾಮಾನ್ಯವಾಗಿ 10ರಿಂದ 13ರ ವಯಸ್ಸಿನಲ್ಲಿ, ಮಗು ಪ್ರಾಯಕ್ಕೆ ಬರುವ ಹೊತ್ತಿನಲ್ಲಿ ಆರಂಭವಾಗುತ್ತದೆ. ನೆತ್ತಿಯ ಕೂದಲು, ಹುಬ್ಬು ಮತ್ತು ಕಣ್ಣಿನ ರೆಪ್ಪೆ ಹೆಚ್ಚಾಗಿ ಇದಕ್ಕೆ ಗುರಿಯಾಗುತ್ತವೆ.

ವುಝೂ ಸರಿಯಾಯಿತೋ ಇಲ್ಲವೋ ಎಂದು ಹತ್ತು ಸಲ ಕೈ ತೊಳೆಯುವ ವಸ್ವಾಸ್ ನಮ್ಮಲ್ಲಿ ಅನೇಕರಿಗೆ ಗೊತ್ತು. ವೈದ್ಯರು ಅದನ್ನು ಗೀಳು ಕಾಯಿಲೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕಾಯಿಲೆಗಳ ಕೈಪಿಡಿಯಲ್ಲಿ ಕೂದಲು ಕೀಳುವುದನ್ನೂ ಅದೇ ಗುಂಪಿನಲ್ಲಿ ಇರಿಸಿತು. ಆದರೆ ಎರಡೂ ಒಂದೇ ಅಲ್ಲ. ವಸ್ವಾಸ್ ಇರುವವರನ್ನು ಒಂದು ಭಯದ ಯೋಚನೆ ಕಾಡುತ್ತದೆ. ಕೂದಲು ಕೀಳುವ ಮಗುವಿಗೆ ಅಂಥ ಯೋಚನೆ ಇರಬೇಕೆಂದಿಲ್ಲ. ಒಂದು ಸೆಳೆತ ಬರುತ್ತದೆ, ಕಿತ್ತಾಗ ಕ್ಷಣಕಾಲ ಹಗುರವಾಗುತ್ತದೆ, ಮರುಕ್ಷಣವೇ ನಾಚಿಕೆ ಮತ್ತು ಪಶ್ಚಾತ್ತಾಪ ಕವಿಯುತ್ತವೆ.

ಕೈ ಏಕೆ ತಲೆಗೆ ಹೋಗುತ್ತದೆ?

ಇದಕ್ಕೆ ಒಂದೇ ಒಂದು ಕಾರಣವಿಲ್ಲ. ಕೆಲವು ಕುಟುಂಬಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗೆ ಕಂಡುಬರುವುದರಿಂದ ವಂಶವಾಹಿಯ ಪಾತ್ರವೂ ಇದೆಯೆಂದು ತಿಳಿಯಲಾಗಿದೆ. ಅದರ ಮೇಲೆ ಪರೀಕ್ಷೆಯ ಆತಂಕ, ಮನೆಯ ಜಗಳ, ಒಂಟಿತನ, ಬೇಸರ, ಆಯಾಸ ಸೇರಿಕೊಳ್ಳಬಹುದು. ಏನೂ ದುಃಖವಿಲ್ಲದ ಮಗುವಿಗೂ ಇದು ಬರಬಹುದು. ಆದ್ದರಿಂದ "ನಾನು ಕೆಲಸಕ್ಕೆ ಹೋದದ್ದೇ ತಪ್ಪಾಯಿತು" ಎಂದು ತಾಯಿ ತನ್ನನ್ನು ಹಳಿದುಕೊಳ್ಳುವ ಅಗತ್ಯವಿಲ್ಲ.

ಕೀಳುವುದರಲ್ಲಿ ಎರಡು ಬಗೆಗಳಿವೆ. ಒಂದು, ಅರಿವಿಲ್ಲದೆ ಕೀಳುವುದು. ಓದುವಾಗ, ಟಿ.ವಿ. ನೋಡುವಾಗ, ಮೊಬೈಲ್ ಹಿಡಿದು ಮಲಗಿರುವಾಗ ಕೈ ತಾನಾಗಿಯೇ ತಲೆಗೆ ಹೋಗುತ್ತದೆ. ಪುಸ್ತಕದ ಮೇಲೆ ಬಿದ್ದ ಕೂದಲು ನೋಡಿದಾಗಲೇ ಮಗುವಿಗೆ ಗೊತ್ತಾಗುವುದು. ಇನ್ನೊಂದು, ಗೊತ್ತಿದ್ದೇ ಕೀಳುವುದು. ಕನ್ನಡಿಯ ಮುಂದೆ ನಿಂತು ಒರಟಾದ, ದಪ್ಪನೆಯ ಅಥವಾ "ಸರಿಯಿಲ್ಲ" ಎನಿಸುವ ಕೂದಲನ್ನು ಹುಡುಕಿ ಕೀಳುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಎರಡೂ ಬೆರೆತಿರುತ್ತವೆ. "ಯಾಕೆ ಕಿತ್ತೆ?" ಎಂದು ಕೇಳಿದರೆ ಮಗು "ಗೊತ್ತಿಲ್ಲ" ಎನ್ನುತ್ತದೆ. ಅದು ಸುಳ್ಳಲ್ಲ.

ಬೋಳಾದುದೆಲ್ಲ ಇದೇ ಅಲ್ಲ

ತಲೆಯಲ್ಲಿ ಬೋಳು ಕಂಡ ಕೂಡಲೇ ಮಗುವಿನ ಮೇಲೆ ಆರೋಪ ಹೊರಿಸಬೇಡಿ. ಕೂದಲು ಉದುರಲು ಬೇರೆ ಕಾರಣಗಳೂ ಇವೆ. ಕೆಲವರಿಗೆ ನಾಣ್ಯದಾಕಾರದಲ್ಲಿ, ನುಣ್ಣಗೆ ಹೊಳೆಯುವಂತೆ ಕೂದಲು ಉದುರುತ್ತದೆ. ಹುಳುಕಡ್ಡಿ ತಲೆಗೆ ತಗುಲಿದರೆ ತುರಿಕೆ ಇರುತ್ತದೆ, ಹೊಟ್ಟು ಏಳುತ್ತದೆ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯಲ್ಲಿ ಕೂದಲು ತಲೆಯ ತುಂಬ ತೆಳುವಾಗುತ್ತದೆ. ಕಿತ್ತ ಜಾಗ ಸಾಮಾನ್ಯವಾಗಿ ಅಂಕುಡೊಂಕಾಗಿರುತ್ತದೆ, ಪೂರ್ತಿ ನುಣುಪಾಗಿರುವುದಿಲ್ಲ. ತುಂಡಾದ, ಉದ್ದಗಿಡ್ಡದ ಕೂದಲು ಅಲ್ಲಲ್ಲಿ ಮೊಳೆತಂತೆ ನಿಂತಿರುತ್ತವೆ. ಇವುಗಳ ವ್ಯತ್ಯಾಸವನ್ನು ಚರ್ಮರೋಗ ವೈದ್ಯರು ಭೂತಗನ್ನಡಿಯಂಥ ಸಾಧನದಿಂದ ನೋಡಿ ಹೇಳಬಲ್ಲರು. ಆದ್ದರಿಂದ ಮೊದಲ ಭೇಟಿ ಚರ್ಮರೋಗ ವೈದ್ಯರದಾದರೂ ಸರಿಯೇ. ಆದರೆ ಮಗು ತಾನೇ ಕೀಳುತ್ತಿದೆ ಎಂದು ಖಚಿತವಾದ ಮೇಲೆ ಎಣ್ಣೆ, ಶಾಂಪೂ, ಲೋಷನ್‌ಗಳಿಗೆ ಹಣ ಸುರಿಯುವುದು ವ್ಯರ್ಥ. ತೊಂದರೆ ಕೂದಲಿನ ಬೇರಿನಲ್ಲಿಲ್ಲ.

ಹೊಟ್ಟೆ ನೋವೆಂದರೆ ಎಚ್ಚರ

ಕೆಲವು ಮಕ್ಕಳು ಕಿತ್ತ ಕೂದಲನ್ನು ತುಟಿಗೆ ತಾಗಿಸುತ್ತಾರೆ, ಹಲ್ಲಿನಲ್ಲಿ ಕಡಿಯುತ್ತಾರೆ. ಅವರಲ್ಲಿ ಕೆಲವರು ನುಂಗುತ್ತಾರೆ. ಕೂದಲು ಜೀರ್ಣವಾಗುವುದಿಲ್ಲ. ತಿಂಗಳು, ವರ್ಷಗಳ ಕಾಲ ನುಂಗಿದ ಕೂದಲು ಜಠರದಲ್ಲಿ ಗಂಟಾಗಿ ಕೂರಬಹುದು. ಅಪರೂಪವಾಗಿ ಆ ಗಂಟಿನ ಬಾಲ ಸಣ್ಣ ಕರುಳಿಗೂ ಇಳಿಯುತ್ತದೆ. 1968ರಲ್ಲಿ ವೈದ್ಯರು ಇದಕ್ಕೆ ಉದ್ದ ಜಡೆಯ ಕತೆಯ ಹುಡುಗಿ ರಪುಂಜೆಲ್‌ಳ ಹೆಸರನ್ನಿಟ್ಟರು. ದೊಡ್ಡ ಗಂಟನ್ನು ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆಯಬೇಕಾಗುತ್ತದೆ.

ಕೂದಲು ಕೀಳುವ ಮಗುವಿಗೆ ಪದೇ ಪದೇ ಹೊಟ್ಟೆ ನೋವು, ವಾಂತಿ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ತೂಕ ಇಳಿಯುವುದು, ಹೊಟ್ಟೆಯಲ್ಲಿ ಗಟ್ಟಿ ಗಡ್ಡೆ ಕೈಗೆ ಸಿಗುವುದು - ಇವುಗಳಲ್ಲಿ ಯಾವುದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮಗುವಿಗೆ ಕೂದಲು ಕೀಳುವ ಅಭ್ಯಾಸವಿದೆ ಎಂಬುದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ನಾಚಿಕೆಯಿಂದ ಈ ಒಂದು ಮಾತನ್ನು ಮುಚ್ಚಿಟ್ಟರೆ ವೈದ್ಯರಿಗೆ ಕಾರಣ ಹುಡುಕಲು ಬಹಳ ಸಮಯ ಹಿಡಿಯುತ್ತದೆ.

ನಾವು ಮಾಡುವ ತಪ್ಪುಗಳು

ಮಗಳ ತಲೆ ನೋಡಿದ ತಾಯಿಯ ಕರುಳು ಚುರುಕ್ ಎನ್ನುತ್ತದೆ. ಆ ನೋವು ಬಹಳ ಸಲ ಸಿಟ್ಟಾಗಿ ಹೊರಬರುತ್ತದೆ. "ನಾಳೆ ನಿನ್ನನ್ನು ಯಾರು ಮದುವೆ ಮಾಡಿಕೊಳ್ತಾರೆ?" ಎಂಬ ಮಾತು ಬಾಯಿಂದ ಜಾರುತ್ತದೆ. ಕೈ ತಲೆಗೆ ಹೋದಾಗಲೆಲ್ಲ ಬಡಿಯುವುದು, ಪೂರ್ತಿ ತಲೆ ಬೋಳಿಸುವುದು, ನೆಂಟರ ಮುಂದೆ ಹೇಳಿ ನಾಚಿಸುವುದು - ಇವೆಲ್ಲ ನಡೆಯುತ್ತವೆ. ಇವುಗಳಿಂದ ಕೀಳುವುದು ನಿಲ್ಲುವುದಿಲ್ಲ, ಗುಟ್ಟಾಗಿ ಕೀಳುವುದು ಹೆಚ್ಚುತ್ತದೆ. ನಾಚಿಕೆ ಹೆಚ್ಚಿದಷ್ಟು ಆತಂಕ, ಆತಂಕ ಹೆಚ್ಚಿದಷ್ಟು ಸೆಳೆತ. ಬೈಗುಳವು ಉರಿಯುವ ಒಲೆಗೆ ಸೌದೆ ಒಟ್ಟಿದ ಹಾಗೆ.

ಇನ್ನು ಕೆಲವರು ನಝರ್ ಬಿದ್ದಿದೆ, ಜಿನ್ ಹಿಡಿದಿದೆ ಎಂದು ತಾಯಿತ, ದಾರ, ಮಂತ್ರಿಸಿದ ನೀರು ಕೊಡುವವರ ಮನೆ ಸುತ್ತುತ್ತಾರೆ. ದುಆ ಮಾಡಿ, ಖಂಡಿತ ಮಾಡಿ. ಅದು ವಿಶ್ವಾಸಿಯ ಬಲ. ಆದರೆ ಕಾಯಿಲೆ ಬಂದಾಗ ಔಷಧೋಪಚಾರ ಮಾಡಿಸಬೇಕೆಂಬುದನ್ನೂ ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಬೂ ಝೈದ್ ಅಲ್ ಬಲ್ಖೀ ಎಂಬ ಮುಸ್ಲಿಮ್ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತು ಗ್ರಂಥ ಬರೆದರು. ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ, ಅದಕ್ಕೂ ಉಪಚಾರ ಬೇಕು ಎಂಬುದು ಅವರ ನಿಲುವು. ಇಂದು ನಾವು ಅದನ್ನು ಮರೆತು ಮನಸ್ಸಿನ ಕಾಯಿಲೆ ಎಂದರೆ ಮುಖ ಮುಚ್ಚಿಕೊಳ್ಳುತ್ತಿದ್ದೇವೆ.

ಹುಬ್ಬಿನ ಕೂದಲು ಕೀಳುವ ಹುಡುಗಿಯರಿಗೆ ಇನ್ನೊಂದು ಭಾರವೂ ಇರುತ್ತದೆ. ಹುಬ್ಬು ಕೀಳುವುದು ತಪ್ಪೆಂದು ಮದ್ರಸದಲ್ಲಿ ಕಲಿತಿರುತ್ತಾರೆ. "ನಾನು ದಿನವೂ ಪಾಪ ಮಾಡುತ್ತಿದ್ದೇನೆ" ಎಂಬ ಕೊರಗು ಒಳಗೇ ಕೊರೆಯುತ್ತದೆ. ಅಂದಕ್ಕಾಗಿ ಬೇಕೆಂದೇ ಮಾಡುವುದು ಬೇರೆ, ತಡೆಯಲಾಗದ ಕಾಯಿಲೆಯ ಸೆಳೆತ ಬೇರೆ. ಸಂದೇಹವಿದ್ದರೆ ತಿಳಿದ ಆಲಿಮರನ್ನು ಕೇಳಿ. ಕೇಳುವಾಗ ಇದು ವೈದ್ಯರು ಗುರುತಿಸಿದ ಕಾಯಿಲೆ ಎಂಬುದನ್ನು ಮೊದಲು ಹೇಳಿ.

ಕೈಗೆ ಹೊಸ ಪಾಠ

ಈ ಕಾಯಿಲೆಗೆ ಮುಖ್ಯ ಚಿಕಿತ್ಸೆ ಮಾತ್ರೆಯಲ್ಲ, ತರಬೇತಿ. 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಅಝ್ರಿನ್ ಮತ್ತು ನನ್ ಎಂಬವರು ಅಭ್ಯಾಸವನ್ನು ಹಿಂದಿರುಗಿಸುವ ಒಂದು ವಿಧಾನವನ್ನು ರೂಪಿಸಿದರು. ಇಂದಿಗೂ ಚಿಕಿತ್ಸೆಯ ತಳಪಾಯ ಅದೇ. 2011ರಲ್ಲಿ ಅಮೆರಿಕದಲ್ಲಿ 7ರಿಂದ 17 ವರ್ಷದ 24 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೊಂದರಂತೆ ಎಂಟು ವಾರ ಇಂಥ ತರಬೇತಿ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಸುಧಾರಿಸಿದರು. ಸುಮ್ಮನೆ ಭೇಟಿ ಮಾಡಿ ವಿಚಾರಿಸಿಕೊಂಡ ಮಕ್ಕಳಲ್ಲಿ ಅಂಥ ಸುಧಾರಣೆ ಕಾಣಲಿಲ್ಲ.

ಈ ತರಬೇತಿಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ.

ಮೊದಲನೆಯದು, ಅರಿವು. ಯಾವ ಹೊತ್ತಿನಲ್ಲಿ, ಎಲ್ಲಿ ಕೂತಾಗ, ಏನು ಮಾಡುವಾಗ, ಯಾವ ಕೈಯಿಂದ, ಎಷ್ಟು ಕೂದಲು ಎಂದು ಮಗು ಒಂದು ಚಿಕ್ಕ ಪುಸ್ತಕದಲ್ಲಿ ಬರೆಯುತ್ತದೆ. ಎರಡು ವಾರ ಬರೆದರೆ ಸಾಕು, ಸಂಜೆ ಗಣಿತ ಮಾಡುವಾಗಲೋ ಮಲಗುವ ಮುನ್ನವೋ ಹೆಚ್ಚು ಎಂದು ಗೊತ್ತಾಗುತ್ತದೆ. ಬರೆಯಬೇಕಾದುದು ಮಗು. ತಾಯಿ ಪೊಲೀಸಳಂತೆ ಲೆಕ್ಕ ಕೇಳಬಾರದು.

ಎರಡನೆಯದು, ಬದಲಿ ಕೆಲಸ. ಸೆಳೆತ ಬಂದ ಕೂಡಲೇ ಅಥವಾ ಕೈ ಮೇಲೆದ್ದ ಕೂಡಲೇ ಮುಷ್ಟಿ ಬಿಗಿದು, ತೋಳನ್ನು ಮೈಗೆ ಒತ್ತಿಕೊಂಡು ಒಂದೆರಡು ನಿಮಿಷ ಹಾಗೆಯೇ ಇರುವುದು. ಮುಷ್ಟಿ ಬಿಗಿದ ಕೈ ಕೂದಲು ಹಿಡಿಯಲಾರದು. ಸೆಳೆತ ಸಮುದ್ರದ ಅಲೆಯಂತೆ, ಏರುತ್ತದೆ, ಇಳಿಯುತ್ತದೆ. ಕೀಳದಿದ್ದರೂ ಅದು ಇಳಿಯುತ್ತದೆ ಎಂಬುದನ್ನು ಕೈ ಕಲಿಯಬೇಕು. ಮೆತ್ತನೆಯ ಚೆಂಡು ಅಮುಕುವುದು, ಉಲ್ಲನ್ ಹೆಣೆಯುವುದು, ತಸ್ಬೀಹ್‌ನ ಮಣಿ ಎಣಿಸುವುದು ಕೂಡ ಬೆರಳುಗಳಿಗೆ ಕೆಲಸ ಕೊಡುತ್ತವೆ.

ಮೂರನೆಯದು, ತಡೆ. ಕೀಳಲು ಅನುಕೂಲವಾಗುವ ಸಂದರ್ಭಗಳನ್ನು ಕಡಿಮೆ ಮಾಡುವುದು. ಒಂಟಿಯಾಗಿ ಮಂಚದ ಮೇಲೆ ಓದುವ ಬದಲು ಎಲ್ಲರೂ ಇರುವ ಕೋಣೆಯಲ್ಲಿ ಓದುವುದು, ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲದಿರುವುದು, ಚಿಮುಟವನ್ನು ಕಣ್ಣಿಗೆ ಬೀಳದಂತೆ ಎತ್ತಿಡುವುದು, ಬೆರಳ ತುದಿಗೆ ಬ್ಯಾಂಡ್‌ಏಡ್ ಸುತ್ತಿಕೊಳ್ಳುವುದು. ಇಷ್ಟು ದಿನ ಬೋಳನ್ನು ಮುಚ್ಚಿಟ್ಟ ಸ್ಕಾರ್ಫ್ ಇಲ್ಲಿ ಗೆಳತಿಯಾಗುತ್ತದೆ. ಓದುವಾಗ ಮತ್ತು ಮಲಗುವಾಗ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡರೆ ಅರಿವಿಲ್ಲದೆ ಹೋದ ಕೈ ಬಟ್ಟೆಗೆ ತಾಗಿ ಎಚ್ಚರಗೊಳ್ಳುತ್ತದೆ. ಆದರೆ ಅದು ಮಗಳ ಒಪ್ಪಿಗೆಯಿಂದ ಆಗಬೇಕು, ಶಿಕ್ಷೆಯಾಗಿ ಅಲ್ಲ. ವಾರಕ್ಕೊಮ್ಮೆ ನೀವೊಬ್ಬರೇ ಇರುವಾಗ ಅದನ್ನು ಬಿಚ್ಚಿ ತಲೆ ನೇವರಿಸುವಷ್ಟು ಸಲಿಗೆಯೂ ಉಳಿಯಬೇಕು.

ನಾಲ್ಕನೆಯದು, ಜೊತೆ. ಮನೆಯ ಒಬ್ಬರು ಸಹಾಯಕರಾಗಬೇಕು. ಕೈ ತಲೆಗೆ ಹೋದದ್ದು ಕಂಡರೆ "ಮತ್ತೆ ಶುರು ಮಾಡಿದೆಯಾ!" ಎನ್ನುವ ಬದಲು ಇಬ್ಬರಿಗೂ ಗೊತ್ತಿರುವ ಒಂದು ಸನ್ನೆ ಮಾಡಬಹುದು. "ಸ್ವಲ್ಪ ಈ ಬಟಾಣಿ ಸುಲಿದು ಕೊಡಮ್ಮ" ಎಂದು ಕೈಗೆ ಕೆಲಸ ಕೊಡಬಹುದು. ಕೀಳದೆ ಕಳೆದ ಒಂದು ಗಂಟೆಯನ್ನೂ ಮೆಚ್ಚಿ. ಕೂದಲು ಎಷ್ಟು ಬೆಳೆಯಿತು ಎಂದು ದಿನವೂ ಅಳೆಯಬೇಡಿ. ಪ್ರಯತ್ನವನ್ನು ಹೊಗಳಿ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೇಗ ಚಿಕಿತ್ಸೆ ಆರಂಭಿಸಿದರೆ ಹೆಚ್ಚಿನ ಮಕ್ಕಳಲ್ಲಿ ಬೋಳಾದ ಜಾಗ ತುಂಬಿಕೊಳ್ಳುತ್ತದೆ. ಅನೇಕ ವರ್ಷ ಒಂದೇ ಕಡೆ ಕೀಳುತ್ತಿದ್ದರೆ ಬೇರಿಗೆ ಹಾನಿಯಾಗಿ ಅಲ್ಲಿ ಕೂದಲು ಮತ್ತೆ ಬಾರದಿರಬಹುದು. ತಡ ಮಾಡಬಾರದು ಎನ್ನುವುದು ಅದಕ್ಕೇ. ಇನ್ನು ಪರೀಕ್ಷೆಯ ಸಮಯದಲ್ಲೋ ಮನೆ ಬದಲಿಸಿದಾಗಲೋ ಮತ್ತೆ ಕೀಳುವುದು ಕಾಣಿಸಿಕೊಂಡರೆ ಎದೆಗುಂದಬೇಡಿ. ಅದು ಸೋಲಲ್ಲ. ಕಲಿತ ಪಾಠವನ್ನು ಮತ್ತೊಮ್ಮೆ ಓದುವ ಸಮಯ, ಅಷ್ಟೆ.

ಮಾತ್ರೆಗಳ ವಿಷಯ

ಈ ಕಾಯಿಲೆಗೆಂದೇ ಖಚಿತವಾಗಿ ಒಪ್ಪಿತವಾದ ಔಷಧಿ ಇನ್ನೂ ಇಲ್ಲ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧಿಯಿಂದ ದೊಡ್ಡವರಿಗೆ ಪ್ರಯೋಜನವಾಯಿತೆಂದು 2009ರ ಅಧ್ಯಯನ ಹೇಳಿತು. ಮಕ್ಕಳ ಮೇಲೆ ಮಾಡಿದ 2013ರ ಅಧ್ಯಯನದಲ್ಲಿ ಅದು ಸಾಮಾನ್ಯ ಸಕ್ಕರೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ಆದ್ದರಿಂದ ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ಕೊಡಬೇಡಿ. ಮಗುವಿಗೆ ಜೊತೆಯಲ್ಲಿ ಖಿನ್ನತೆ, ತೀವ್ರ ಆತಂಕ ಅಥವಾ ಗೀಳು ಕಾಯಿಲೆ ಇದ್ದರೆ ಮನೋವೈದ್ಯರು ಅದಕ್ಕೆ ಮಾತ್ರೆ ಬರೆಯಬಹುದು. ಆಗ ಹೆದರದೆ, ಅವರು ಹೇಳಿದಷ್ಟು ಕಾಲ ಕೊಡಿ.

ಮಗು ಶಾಲೆಗೆ ಹೋಗಲು ಒಪ್ಪದಿದ್ದರೆ, ಊಟ ನಿದ್ದೆ ಬಿಟ್ಟರೆ, ಬದುಕು ಬೇಡವೆಂಬ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಶಾಲೆಯಲ್ಲೋ ದಾರಿಯಲ್ಲೋ ಮನೆಯಲ್ಲೋ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂದು ಮೃದುವಾಗಿ ವಿಚಾರಿಸಿ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಸುತ್ತ ಇರುವವರಿಗೆ ನಿಮ್ಹಾನ್ಸ್ ದೂರವಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲೇ ಅದು ಇದೆ. ಅಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ, ಗೀಳು ಕಾಯಿಲೆಗೆಂದೇ ವಿಶೇಷ ಕ್ಲಿನಿಕ್ ಇದೆ. ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. "ಅದು ಹುಚ್ಚಾಸ್ಪತ್ರೆಯಲ್ಲವೇ?" ಎಂದು ಅಂಜುವವರಿದ್ದಾರೆ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಆ ಜಾಗಕ್ಕೆ ಬಂದದ್ದು 1930ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಈಗ ದೇಶದ ಮೂಲೆಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ತಲೆನೋವಿಗೂ, ಮೂರ್ಛೆಗೂ, ಮಕ್ಕಳ ಕಲಿಕೆಯ ತೊಂದರೆಗೂ ಅಲ್ಲಿ ಚಿಕಿತ್ಸೆಯಿದೆ.

ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು ಇ.ಎಸ್.ಐ. ಕಾರ್ಡ್ ಇದ್ದರೆ ಅದನ್ನು ಮರೆಯಬೇಡಿ. ಆ ಸೌಲಭ್ಯ ಮಕ್ಕಳಿಗೂ ಅನ್ವಯಿಸುತ್ತದೆ. ಪೀಣ್ಯದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ, ರಾಜಾಜಿನಗರದಲ್ಲಿ ಅದರ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಿದೆ. ಬೇರೆ ಊರುಗಳ ಸಹೋದರಿಯರು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬಹುದು.

ರಜೆ ಸಿಗದವರಿಗೆ ಫೋನಿನ ದಾರಿಯೂ ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ನೈಟ್ ಶಿಫ್ಟ್ ಮುಗಿಸಿ ಬಂದ ತಂದೆಯೂ ಕರೆ ಮಾಡಬಹುದು, ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಗಳೂ ಮಾಡಬಹುದು.

ವಿಷಯ ಹೊರಗೆ ಗೊತ್ತಾದರೆ ಮುಂದೆ ಸಂಬಂಧ ಕೂಡಿಬರುವುದು ಹೇಗೆ ಎಂಬುದು ತಾಯಂದಿರ ದೊಡ್ಡ ಚಿಂತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ. ನೆರೆಹೊರೆಯವರಿಗೆ ಹೇಳಬೇಕಾಗಿಲ್ಲ. ಆದರೆ ಜನ ಏನೆಂದುಕೊಳ್ಳುತ್ತಾರೋ ಎಂದು ಚಿಕಿತ್ಸೆಯನ್ನೇ ಮುಂದೂಡಿದರೆ ನಷ್ಟವಾಗುವುದು ಮಗಳಿಗೆ. ತರಗತಿಯ ಶಿಕ್ಷಕಿಯೊಬ್ಬರಿಗೆ ಮಾತ್ರ ಖಾಸಗಿಯಾಗಿ ತಿಳಿಸಿಡಿ. ಇತರ ಮಕ್ಕಳ ಗೇಲಿಯಿಂದ ಅವರು ಕಾಪಾಡಬಲ್ಲರು.

ಇಂದೇ ಆಗಬೇಕಾದ ಮಾತು

ಮೊದಲ ಮಾತು ಹೇಗಿರಬೇಕು? ತಮ್ಮ, ದಾದಿ, ನೆಂಟರು ಯಾರೂ ಇಲ್ಲದ ಹೊತ್ತು ನೋಡಿ. ಮಗಳ ಪಕ್ಕದಲ್ಲಿ ಕೂತುಕೊಳ್ಳಿ. "ನಿನ್ನ ತಲೆ ನೋಡಿದೆ ಬೇಟಾ. ನನಗೆ ಸಿಟ್ಟಿಲ್ಲ. ಇದು ಇನ್ನೂ ಬಹಳ ಮಕ್ಕಳಿಗೆ ಇದೆಯಂತೆ. ಇದಕ್ಕೆ ಡಾಕ್ಟರ್ ಇದ್ದಾರೆ. ನಾನು ಜೊತೆಗೆ ಬರ್ತೀನಿ." ಇಷ್ಟು ಸಾಕು. ಅವಳು ಅತ್ತರೆ ಅಳಲು ಬಿಡಿ. ಏನೂ ಹೇಳದಿದ್ದರೆ ಒತ್ತಾಯಿಸಬೇಡಿ.

ಎಷ್ಟೋ ತಿಂಗಳುಗಳಿಂದ ಅವಳು ಇಡೀ ಲೋಕದಲ್ಲಿ ತಾನೊಬ್ಬಳೇ ಹೀಗೆ ಎಂದುಕೊಂಡು ಬದುಕಿದ್ದಾಳೆ. ಅಮ್ಮಿಗೆ ಗೊತ್ತಾದರೆ ಏನಾಗುವುದೋ ಎಂದು ನಡುಗಿದ್ದಾಳೆ. ಅಮ್ಮಿಗೆ ಗೊತ್ತಾಯಿತು, ಆದರೂ ಅಮ್ಮಿ ಪಕ್ಕದಲ್ಲೇ ಇದ್ದಾಳೆ ಎಂಬ ನೆಮ್ಮದಿ ಚಿಕಿತ್ಸೆಯ ಮೊದಲ ದಿನ. ಮುಂದಿನ ಭಾನುವಾರ ಎಣ್ಣೆಯ ಬಟ್ಟಲು ಹಿಡಿದು ಅವಳೇ ನಿಮ್ಮ ಮುಂದೆ ಬಂದು ಕೂರಬಹುದು, ಇನ್‌ಶಾ ಅಲ್ಲಾಹ್. ಆಗ ಬೋಳಾದ ಜಾಗವನ್ನು ನೋಡಿ ನಿಟ್ಟುಸಿರು ಬಿಡಬೇಡಿ. ಮೆಲ್ಲಗೆ ಎಣ್ಣೆ ಹಚ್ಚಿ.